ಅಮೆರಿಕದ ಫೆಡರಲ್ ಶಿಕ್ಷೆಗೆ ಎರಡನೇ ಸಲ ಸವಾಲು: ಸೆಕ್ಷನ್ 2255 ಯಾರಿಗೆ ದಾರಿ ಬಿಡುತ್ತೆ?

ನಾಗರಬಾವಿ_ಲಾ

ಜೋನ್ಸ್ ವಿ. ಹೆಂಡ್ರಿಕ್ಸ್ (2023) ತೀರ್ಪು ಓದಿದ ಮೇಲೆ ಈ ಪ್ರಶ್ನೆ. ನಮ್ಮಲ್ಲಿ ಹೇಬಿಯಸ್ ಕಾರ್ಪಸ್ (ಬಂಧನವನ್ನೇ ಪ್ರಶ್ನಿಸುವ) ಅರ್ಜಿ ಒಮ್ಮೆ ವಜಾ ಆದರೂ ರೆಸ್ ಜುಡಿಕೇಟಾ (ಒಮ್ಮೆ ತೀರ್ಮಾನ ಆದದ್ದನ್ನು ಮತ್ತೆ ಎತ್ತಬಾರದು ಅನ್ನುವ ನಿಯಮ) ಅಡ್ಡ ಬರಲ್ಲ, ಹೊಸ ಕಾರಣ ಇದ್ದರೆ ಮತ್ತೆ ಹಾಕಬಹುದು ಅಂತ ಗುಲಾಂ ಸರ್ವರ್ (1967), ಲಲ್ಲೂಭಾಯಿ ಪಟೇಲ್ (1981) ತೀರ್ಪುಗಳಿವೆ. ಅಮೆರಿಕದಲ್ಲಿ ಮಾತ್ರ, ಅಪರಾಧ ಸಾಬೀತಾಗಲು ಬೇಕಾದ ಒಂದು ಅಂಶವನ್ನೇ ಕೆಳಗಿನ ಕೋರ್ಟುಗಳು ಕೈಬಿಟ್ಟಿದ್ದವು ಅಂತ ಸುಪ್ರೀಂ ಕೋರ್ಟೇ ಹೇಳಿದ ಮೇಲೂ ಕೈದಿಗೆ ಎರಡನೇ ಅರ್ಜಿಯ ಅವಕಾಶ ಇಲ್ಲವಂತೆ. ಇದು ಹೇಗೆ ಕೆಲಸ ಮಾಡುತ್ತೆ? ಬಲ್ಲವರು ಬಿಡಿಸಿ ಹೇಳಿ.

ಕರಿಕೋಟು

ಮೊದಲು ಹೋಲಿಕೆ ಸರಿಮಾಡಿಕೊಳ್ಳೋಣ. ನೀವು ಹೇಳಿದ ಎರಡೂ ಸರ್ಕಾರದ ಆದೇಶದ ಮೇಲಿನ ಬಂಧನದ ಪ್ರಕರಣಗಳು. ಕೋರ್ಟಿನಲ್ಲಿ ವಿಚಾರಣೆ ನಡೆದು ಶಿಕ್ಷೆ ಆದವನಿಗೆ ನಮ್ಮಲ್ಲಿ ಇರೋದು ಮೇಲ್ಮನವಿ, 137ನೇ ವಿಧಿಯ ಪುನರ್‌ಪರಿಶೀಲನೆ, 2002ರ ರೂಪಾ ಹುರ್ರಾ ತೀರ್ಪಿನ ನಂತರ ಕ್ಯುರೇಟಿವ್ ಅರ್ಜಿ (ಪುನರ್‌ಪರಿಶೀಲನೆಯೂ ಸೋತ ಮೇಲಿನ ಕೊನೇ ಅರ್ಜಿ). ಅಷ್ಟೇ. ಅಮೆರಿಕದ ಸೆಕ್ಷನ್ 2255 ಬೇರೆ ಜಾತಿಯದು. ಮೇಲ್ಮನವಿ ಎಲ್ಲ ಮುಗಿದ ಮೇಲೆ, ಶಿಕ್ಷೆ ಕೊಟ್ಟ ಜಿಲ್ಲಾ ಕೋರ್ಟಿಗೇ (ಸಾಮಾನ್ಯವಾಗಿ ಅದೇ ಜಡ್ಜ್ ಎದುರಿಗೇ) ವಾಪಸ್ ಹೋಗಿ 'ನನ್ನ ವಕೀಲ ಕೈಕೊಟ್ಟ, ಸರ್ಕಾರ ಸಾಕ್ಷ್ಯ ಮುಚ್ಚಿಟ್ಟಿತು, ಈ ಶಿಕ್ಷೆ ಸಂವಿಧಾನಕ್ಕೆ ವಿರುದ್ಧ' ಅಂತ ಕೇಳುವ ದಾರಿ.

1948ಕ್ಕೆ ಮುಂಚೆ ಕೈದಿ ಹೇಬಿಯಸ್ ಅರ್ಜಿಯನ್ನು ಜೈಲು ಇರುವ ಜಿಲ್ಲೆಯಲ್ಲಿ ಹಾಕಬೇಕಿತ್ತು. ದೊಡ್ಡ ಫೆಡರಲ್ ಜೈಲುಗಳಿದ್ದ ನಾಲ್ಕಾರು ಜಿಲ್ಲೆಗಳ ಜಡ್ಜುಗಳ ಮೇಲೆ ಅರ್ಜಿಗಳ ರಾಶಿ ಬಿತ್ತು. ದಾಖಲೆ, ಸಾಕ್ಷಿಗಳೆಲ್ಲ ಸಾವಿರಾರು ಮೈಲಿ ದೂರ. ಅದಕ್ಕೇ ಕಾಂಗ್ರೆಸ್ (ಅಮೆರಿಕದ ಸಂಸತ್ತು) 2255 ತಂದು ಅರ್ಜಿಯನ್ನು ಶಿಕ್ಷೆ ಕೊಟ್ಟ ಕೋರ್ಟಿಗೆ ತಿರುಗಿಸಿತು. ಹಕ್ಕು ಕಡಿಮೆಯಾಗಿಲ್ಲ, ಜಾಗ ಮಾತ್ರ ಬದಲಾಗಿದೆ ಅಂತ ಹೇಮನ್ (1952) ತೀರ್ಪು ಹೇಳಿತು. ಸ್ಯಾಂಡರ್ಸ್ (1963) ತೀರ್ಪಿನ ಪ್ರಕಾರ 2255ಕ್ಕೂ ರೆಸ್ ಜುಡಿಕೇಟಾ ಇರಲಿಲ್ಲ. ಅಂದರೆ ನೀವು ಹೇಳುವ ಭಾರತದ ಪರಿಸ್ಥಿತಿ ಅಲ್ಲೂ ಇತ್ತು, 33 ವರ್ಷ.

ಅದನ್ನು ಮುಗಿಸಿದ್ದು ಓಕ್ಲಹೋಮಾ ಸಿಟಿ ಬಾಂಬ್ ಸ್ಫೋಟದ ಮರುವರ್ಷ, 24 ಏಪ್ರಿಲ್ 1996ರಂದು ಕ್ಲಿಂಟನ್ ಸಹಿ ಹಾಕಿದ ಕಾಯ್ದೆ. ವಕೀಲರ ಬಾಯಲ್ಲಿ ಅದು 'ಎಡ್ಪಾ' (ಕಾಯ್ದೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು). ಅದರಿಂದ ಎರಡು ಬೀಗ ಬಿದ್ದವು: ಒಂದು ವರ್ಷದ ಕಾಲಮಿತಿ, ಮತ್ತೆ ಎರಡನೇ ಅರ್ಜಿಗೆ ಮೇಲ್ಮನವಿ ಕೋರ್ಟಿನ ಮೂವರು ಜಡ್ಜುಗಳ ಪೂರ್ವಾನುಮತಿ. ಇದು ಹೇಬಿಯಸ್ ಹಕ್ಕನ್ನು ಅಮಾನತು ಮಾಡಿದಂತೆ ಅನ್ನುವ ವಾದವನ್ನು ಸುಪ್ರೀಂ ಕೋರ್ಟ್ ಅದೇ ವರ್ಷ ಫೆಲ್ಕರ್ ವಿ. ಟರ್ಪಿನ್‌ನಲ್ಲಿ ಒಪ್ಪಲಿಲ್ಲ.

ಅನುಮತಿ ಸಿಗೋದು ಎರಡೇ ಕಾರಣಕ್ಕೆ, 2255(ಎಚ್):

1. ಹೊಸದಾಗಿ ಸಿಕ್ಕ ಸಾಕ್ಷ್ಯ. ಅದನ್ನು ಉಳಿದ ಸಾಕ್ಷ್ಯದ ಜೊತೆ ಇಟ್ಟು ನೋಡಿದರೆ ವಿವೇಕ ಇರುವ ಯಾವ ಜ್ಯೂರಿಯೂ ಇವನನ್ನು ಅಪರಾಧಿ ಅನ್ನುತ್ತಿರಲಿಲ್ಲ ಎಂಬುದು ಸ್ಪಷ್ಟವಾಗಿ, ಮನವರಿಕೆಯಾಗುವಂತೆ ತೋರಬೇಕು.

2. ಸಂವಿಧಾನಕ್ಕೆ ಸಂಬಂಧಿಸಿದ ಹೊಸ ನಿಯಮ. ಅದನ್ನು ಹಳೇ ಪ್ರಕರಣಗಳಿಗೂ ಸುಪ್ರೀಂ ಕೋರ್ಟೇ ಅನ್ವಯಿಸಿರಬೇಕು, ಮೊದಲ ಅರ್ಜಿಯ ಹೊತ್ತಿಗೆ ಆ ನಿಯಮ ಕೈಗೆ ಸಿಗುವಂತಿರಬಾರದು.

ನಿಮ್ಮ ಪ್ರಶ್ನೆಗೆ ಉತ್ತರ ಎರಡನೆಯದರಲ್ಲೇ ಇದೆ. ಅಲ್ಲಿರೋದು 'ಸಂವಿಧಾನ'. ಕಾಯ್ದೆಯ ಅರ್ಥವನ್ನು ಹೊಸದಾಗಿ ಬಿಡಿಸಿ ಹೇಳಿದ ತೀರ್ಪು ಎಷ್ಟೇ ದೊಡ್ಡದಿರಲಿ, ಈ ಪಟ್ಟಿಗೆ ಬರೋದಿಲ್ಲ.

ಓದುಗ_ಧಾರವಾಡ

ರಾಜ್ಯದ ಜೈಲಿನಲ್ಲಿರುವವರಿಗೂ ಇದೇನಾ ಸರ್?

ಕರಿಕೋಟು

ಅಲ್ಲ. ರಾಜ್ಯದ ಕೋರ್ಟಿನ ಶಿಕ್ಷೆಗೆ 2254. ಅನುಮತಿಯ ವಿಧಾನ 2244ರಲ್ಲಿದೆ, 2255 ಅದನ್ನೇ ಎರವಲು ತಗೊಂಡಿದೆ. ಎಷ್ಟು ಎರವಲು ಅನ್ನೋದೇ ಇತ್ತೀಚಿನ ಜಗಳ, ಅದನ್ನು ಕೆಳಗೆ ಯಾರಾದರೂ ಎತ್ತುತ್ತಾರೆ.

ತುಂಗಾತೀರ

ಎರಡನೇ ಅರ್ಜಿಯ ಮಾತಿಗೆ ಮುಂಚೆ ಮೊದಲನೆಯದರ ದಿನಾಂಕ ಲೆಕ್ಕ ಹಾಕಲು ಕಲೀಬೇಕು. ಬಹಳ ಜನ ಬೀಳೋದು ಅಲ್ಲೇ.

ಮೇಲ್ಮನವಿ ಹಾಕದಿದ್ದರೆ: ಶಿಕ್ಷೆಯ ಆದೇಶ ದಾಖಲಾದ ದಿನದಿಂದ 14 ದಿನ (ಮೇಲ್ಮನವಿಯ ಗಡುವು), ಅಲ್ಲಿಂದ ಒಂದು ವರ್ಷ. 12 ಮಾರ್ಚ್ 2024ಕ್ಕೆ ಆದೇಶ ಆಗಿದ್ದರೆ 26 ಮಾರ್ಚ್ 2025 ಕೊನೇ ದಿನ.

ಮೇಲ್ಮನವಿ ಸೋತು ಸುಪ್ರೀಂ ಕೋರ್ಟಿಗೆ ಹೋಗದಿದ್ದರೆ: ಮೇಲ್ಮನವಿ ತೀರ್ಪಿನಿಂದ 90 ದಿನ, ಆಮೇಲೆ ಒಂದು ವರ್ಷ. ಇದು ಕ್ಲೇ (2003) ತೀರ್ಪಿನ ಲೆಕ್ಕ. 12 ಮಾರ್ಚ್ 2024ರ ತೀರ್ಪಿಗೆ 90 ದಿನ ಅಂದರೆ 10 ಜೂನ್ 2024, ಗಡುವು 10 ಜೂನ್ 2025. ಎಣಿಸಬೇಕಾದ್ದು ತೀರ್ಪಿನ ದಿನದಿಂದ. ಕೆಲವು ವಾರದ ನಂತರ ಹೊರಡುವ 'ಮ್ಯಾಂಡೇಟ್' ಕಾಗದದ ದಿನಾಂಕ ಹಿಡಿದು ಎಣಿಸಿ ಗಡುವು ಕಳಕೊಂಡವರು ಕಮ್ಮಿಯಿಲ್ಲ. ಸಮಯಕ್ಕೆ ಸರಿಯಾಗಿ ಪುನರ್‌ವಿಚಾರಣೆ ಕೇಳಿದ್ದರೆ ಮಾತ್ರ 90 ದಿನ ಆ ಅರ್ಜಿ ವಜಾ ಆದ ದಿನದಿಂದ.

ಹೊಸ ತೀರ್ಪಿನ ಆಧಾರದ ಮೇಲೆ ಹೋಗುವವರಿಗೆ ಇನ್ನೊಂದು ಗುಂಡಿ ಇದೆ. ಡಾಡ್ (2005) ಪ್ರಕಾರ ವರ್ಷ ಶುರುವಾಗೋದು ಸುಪ್ರೀಂ ಕೋರ್ಟ್ ಹಕ್ಕನ್ನು ಮೊದಲು ಗುರುತಿಸಿದ ದಿನದಿಂದ. ಅದು ಹಳೇ ಪ್ರಕರಣಕ್ಕೂ ಅನ್ವಯ ಅಂತ ಹೇಳಿದ ದಿನ ಲೆಕ್ಕಕ್ಕಿಲ್ಲ. ಉದಾಹರಣೆ: ಬಂದೂಕು ಪ್ರಕರಣಗಳಲ್ಲಿ ಕನಿಷ್ಠ 15 ವರ್ಷ ಕೊಡಿಸುವ 'ಆರ್ಮ್ಡ್ ಕರಿಯರ್ ಕ್ರಿಮಿನಲ್' ಕಾಯ್ದೆಯ ಒಂದು ವಾಕ್ಯ ತೀರಾ ಅಸ್ಪಷ್ಟ ಅಂತ ಜಾನ್ಸನ್ ತೀರ್ಪು ಬಂದದ್ದು 26 ಜೂನ್ 2015. ಅದು ಹಳಬರಿಗೂ ಅನ್ವಯ ಅಂತ ವೆಲ್ಚ್ ಹೇಳಿದ್ದು 18 ಏಪ್ರಿಲ್ 2016. ಉಳಿದದ್ದು ಸುಮಾರು ಹತ್ತು ವಾರ! 26 ಜೂನ್ 2016 ಭಾನುವಾರ ಬಿದ್ದದ್ದರಿಂದ ಒಂದು ದಿನ ಹೆಚ್ಚು ಸಿಕ್ಕಿತು, ಅಷ್ಟೇ. ಆ ಎರಡು ತಿಂಗಳು ಎಲ್ಲ ಪ್ರಾದೇಶಿಕ ಮೇಲ್ಮನವಿ ಕೋರ್ಟುಗಳಲ್ಲೂ, ಅಂದರೆ ಸರ್ಕ್ಯೂಟ್‌ಗಳಲ್ಲೂ ಅನುಮತಿ ಅರ್ಜಿಗಳ ಪ್ರವಾಹ.

ನಾಗರಬಾವಿ_ಲಾ

ಅಂದರೆ ವೆಲ್ಚ್ 14 ತಿಂಗಳು ತಡವಾಗಿ ಬಂದಿದ್ದರೆ ಹಕ್ಕು ಇದ್ದೂ ಅರ್ಜಿ ಹಾಕೋಕೆ ಆಗ್ತಿರಲಿಲ್ಲವೇ?

ತುಂಗಾತೀರ

ಎರಡನೇ ಅರ್ಜಿಯವರಿಗೆ ಹೌದು, ಬಹುಪಾಲು ಅದೇ ಗತಿ. ಡಾಡ್ ತೀರ್ಪಲ್ಲೇ ಕೋರ್ಟ್ ಈ ಕಷ್ಟವನ್ನು ಒಪ್ಪಿಕೊಂಡಿದೆ, ಕಾಯ್ದೆಯ ಮಾತು ಹೀಗಿದೆ, ನಾವೇನು ಮಾಡೋಣ ಅಂತ ಕೈಚೆಲ್ಲಿದೆ. ನನಗೆ ಇದು ಇಡೀ ವ್ಯವಸ್ಥೆಯ ಅತ್ಯಂತ ಕೆಟ್ಟ ಭಾಗ ಅನಿಸುತ್ತೆ.

ಸರ್ಕ್ಯೂಟ್_ಗಮನಿಕೆ

ಅನುಮತಿ ಅರ್ಜಿಯ ಕೆಲಸ ಹೇಗೆ ಅಂತ ಬರೀತೀನಿ.

ಶಿಕ್ಷೆ ಕೊಟ್ಟ ಜಿಲ್ಲೆ ಯಾವ ಸರ್ಕ್ಯೂಟ್‌ನಲ್ಲಿದೆಯೋ ಆ ಮೇಲ್ಮನವಿ ಕೋರ್ಟಿಗೆ ಹೋಗಬೇಕು. ಈಗ ಇರುವ ಜೈಲು ಯಾವ ರಾಜ್ಯದಲ್ಲಿದೆ ಅನ್ನೋದು ಇಲ್ಲಿ ಮುಖ್ಯ ಅಲ್ಲ. ಬಹುತೇಕ ಸರ್ಕ್ಯೂಟ್‌ಗಳಿಗೆ ತಮ್ಮದೇ ಫಾರಂ ಇದೆ. ಅದರ ಜೊತೆ ಹಾಕಲು ಹೊರಟಿರುವ ಹೊಸ 2255 ಅರ್ಜಿಯ ಕರಡು (ಮಾದರಿ ಫಾರಂ ಎಒ 243), ಹಿಂದಿನ 2255 ಅರ್ಜಿಗಳ ಪ್ರತಿ, ಅವುಗಳ ಮೇಲಿನ ಆದೇಶಗಳು, ಮ್ಯಾಜಿಸ್ಟ್ರೇಟ್ ವರದಿ ಇದ್ದರೆ ಅದೂ ಇರಲಿ. ಯಾವ ಸರ್ಕ್ಯೂಟ್ ಏನೇನು ಕೇಳುತ್ತೆ ಅಂತ ಅದರ ಸ್ಥಳೀಯ ನಿಯಮದಲ್ಲಿ, ಸಾಮಾನ್ಯವಾಗಿ 22ನೇ ನಿಯಮದ ಕೆಳಗೆ, ಬರೆದಿರುತ್ತೆ. 2255 ಅರ್ಜಿಗೆ ಶುಲ್ಕ ಇಲ್ಲ.

ಈ ಹಂತದಲ್ಲಿ ಜಡ್ಜುಗಳು ನೋಡೋದು ಮೇಲ್ನೋಟಕ್ಕೆ ಷರತ್ತು ಪೂರೈಸಿದೆಯಾ ಅಂತ ಮಾತ್ರ. ಕಾಯ್ದೆ ಅವರಿಗೆ 30 ದಿನ ಕೊಟ್ಟಿದೆ. 11ನೇ ಸರ್ಕ್ಯೂಟ್ (ಫ್ಲೋರಿಡಾ, ಜಾರ್ಜಿಯಾ, ಅಲಬಾಮಾ) ಆ ಗಡುವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತೆ. ಬೇರೆ ಕಡೆ ತಿಂಗಳುಗಟ್ಟಲೆ ಹೋಗುತ್ತೆ. ಬೇಗ ಆಗೋದು ಒಳ್ಳೇದಲ್ಲವೇ ಅನ್ನಬೇಡಿ. ವಕೀಲ ಇಲ್ಲದ ಕೈದಿಯ ಫಾರಂ ಮೇಲೆ, ಎದುರು ವಾದ ಕೇಳದೆ ಕೊಟ್ಟ ಆದೇಶವನ್ನೂ 11ನೇ ಸರ್ಕ್ಯೂಟ್ ಪ್ರಕಟಿಸಿದರೆ ಅದು ಮುಂದಿನ ಎಲ್ಲ ಪ್ರಕರಣಗಳಿಗೆ, ನೇರ ಮೇಲ್ಮನವಿಗಳಿಗೂ, ಕಟ್ಟುಪಾಡು. ಈ ಪದ್ಧತಿಯ ಬಗ್ಗೆ ಜಸ್ಟಿಸ್ ಸೊಟೊಮೇಯರ್ 2020ರಲ್ಲಿ ಸೇಂಟ್ ಹ್ಯೂಬರ್ಟ್ ಪ್ರಕರಣದಲ್ಲಿ ಪ್ರತ್ಯೇಕ ಟಿಪ್ಪಣಿ ಬರೆದು ಆಕ್ಷೇಪಿಸಿದ್ದಾರೆ.

ಅನುಮತಿ ಸಿಕ್ಕರೆ ಗೆದ್ದ ಹಾಗಲ್ಲ. ಜಿಲ್ಲಾ ಕೋರ್ಟ್ ಅದೇ ಷರತ್ತುಗಳನ್ನು ಮೊದಲಿನಿಂದ, ಈ ಸಲ ಪೂರ್ತಿಯಾಗಿ, ನೋಡಿ ಅಲ್ಲೇ ವಜಾ ಮಾಡಬಹುದು. ಎರಡು ಜರಡಿ.

ಸೋಲೋದು ಎಲ್ಲಿ ಅಂದರೆ:

'ಹೊಸ ಸಾಕ್ಷ್ಯ' ಅಂತ ಶಿಕ್ಷೆಯ ಪ್ರಮಾಣದ ಬಗ್ಗೆ ಏನೋ ತರ್ತಾರೆ. (ಎಚ್)(1) ಮಾತಾಡೋದು ಅಪರಾಧದ ಬಗ್ಗೆ. ಗೈಡ್‌ಲೈನ್ಸ್ (ಶಿಕ್ಷೆಯ ಪ್ರಮಾಣದ ಮಾರ್ಗಸೂಚಿ) ಅಂಕ ತಪ್ಪಾಗಿತ್ತು, ಡ್ರಗ್ ತೂಕ ಹೆಚ್ಚಿಗೆ ಬರೆದಿದ್ದರು ಅನ್ನೋದು ಅಲ್ಲಿ ನಿಲ್ಲಲ್ಲ.

ಹೊಸ ತೀರ್ಪು ಬಂದ ಮರುದಿನವೇ ಅರ್ಜಿ ಹಾಕ್ತಾರೆ. ಟೈಲರ್ ವಿ. ಕೇನ್ (2001) ಪ್ರಕಾರ ಅದು ಹಳಬರಿಗೂ ಅನ್ವಯ ಅಂತ ಸುಪ್ರೀಂ ಕೋರ್ಟ್ ತಾನೇ ತೀರ್ಮಾನಿಸಿರಬೇಕು. ಬ್ರೂಯೆನ್ (2022), ಎರ್ಲಿಂಜರ್ (2024) ತೀರ್ಪುಗಳನ್ನು ಹಿಡಿದುಕೊಂಡು ಹೋದವರ ಕಥೆ ಇದೇ. ಅದರಲ್ಲೂ ವಿಚಾರಣಾ ವಿಧಾನದ ನಿಯಮ ಆಗಿದ್ದರೆ ಆಸೆಯೇ ಬೇಡ: ಎಡ್ವರ್ಡ್ಸ್ ವಿ. ವನಾಯ್ (2021) ಆ ಬಾಗಿಲನ್ನು ಪೂರ್ತಿ ಹಾಕಿದೆ.

ಮೂರನೆಯದು, ಕಾಲಮಿತಿಯ (ಎಫ್)(3) ಮತ್ತು (ಎಚ್)(2) ಎರಡನ್ನೂ ಒಂದೇ ಅಂದುಕೊಳ್ಳೋದು. (ಎಫ್)(3)ರಲ್ಲಿ ಇರೋದು ಬರೀ 'ಹಕ್ಕು', ಕಾಯ್ದೆಯ ಹಕ್ಕೂ ಆಗಬಹುದು. ಅದು ಹಳಬರಿಗೆ ಅನ್ವಯವೋ ಅಂತ ಕೆಳಗಿನ ಕೋರ್ಟೂ ಹೇಳಬಹುದು ಅಂತ ಹೆಚ್ಚಿನ ಸರ್ಕ್ಯೂಟ್‌ಗಳು ಒಪ್ಪುತ್ತವೆ. (ಎಚ್)(2)ಕ್ಕೆ ಸಂವಿಧಾನ ಬೇಕು, ಸುಪ್ರೀಂ ಕೋರ್ಟೇ ಬೇಕು. ಒಂದೇ ತೀರ್ಪು ಮೊದಲ ಅರ್ಜಿಯವನನ್ನು ಬಿಡಿಸಿ, ಪಕ್ಕದ ಕೋಣೆಯಲ್ಲಿ ಎರಡನೇ ಅರ್ಜಿಯವನನ್ನು ಒಳಗೇ ಇಡೋದು ಹೀಗೆ.

ಓದುಗ_ಧಾರವಾಡ

ಅನುಮತಿ ಕೇಳದೆ ನೇರ ಜಿಲ್ಲಾ ಕೋರ್ಟಿಗೆ ಹಾಕಿಬಿಟ್ಟರೆ? ಹೇಗೂ ಅವರೇ ಮೇಲಕ್ಕೆ ಕಳಿಸ್ತಾರೆ ಅಂತ ಎಲ್ಲೋ ಓದಿದ್ದೆ.

ಸರ್ಕ್ಯೂಟ್_ಗಮನಿಕೆ

ಕೆಲವರು ಕಳಿಸ್ತಾರೆ. 6ನೇ ಸರ್ಕ್ಯೂಟ್‌ನಲ್ಲಿ ಸಿಮ್ಸ್ (1997) ನಂತರ ವರ್ಗಾಯಿಸೋದೇ ರೂಢಿ.

ಕರಿಕೋಟು

ಅದನ್ನು ನಂಬಿ ಕೂರೋದು ಬೇಡ. ಅನುಮತಿ ಇಲ್ಲದಿದ್ದರೆ ಜಿಲ್ಲಾ ಕೋರ್ಟಿಗೆ ಅಧಿಕಾರವೇ ಇಲ್ಲ (ಬರ್ಟನ್ ವಿ. ಸ್ಟುವರ್ಟ್, 2007). ಸರ್ಕಾರದ ವಕೀಲರು ಆಕ್ಷೇಪಿಸದಿದ್ದರೂ ಜಡ್ಜ್ ತಾವೇ ವಜಾ ಮಾಡಬಹುದು. ವಜಾ ಆದೇಶ ಕೈಗೆ ಬರುವಷ್ಟರಲ್ಲಿ ತುಂಗಾತೀರ ಹೇಳಿದ ಒಂದು ವರ್ಷ ದಾಟಿರುತ್ತೆ. ವರ್ಗಾವಣೆ ಆದರೂ ಅನುಮತಿ ಫಾರಂ ಬೇರೆ ತುಂಬಿ ಕಳಿಸಿ ಅಂತ ಮೇಲಿನಿಂದ ಪತ್ರ ಬರುತ್ತೆ, ಅದಕ್ಕೊಂದು ಗಡುವು.

ಇದಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಯಾರೂ ಕೇಳೋದಿಲ್ಲ: ಇದು ನಿಜವಾಗಿ 'ಎರಡನೇ' ಅರ್ಜಿಯಾ? ಲೆಕ್ಕಕ್ಕೆ ಎರಡನೆಯದು ಆದದ್ದೆಲ್ಲ ಕಾಯ್ದೆಯ ಕಣ್ಣಿಗೆ ಎರಡನೆಯದಲ್ಲ.

ಮೊದಲ ಅರ್ಜಿ ಗೆದ್ದು ಮತ್ತೆ ಶಿಕ್ಷೆ ವಿಧಿಸಿದರೆ ಅದು ಹೊಸ ತೀರ್ಪು. ಅದರ ವಿರುದ್ಧದ ಅರ್ಜಿ ಮೊದಲನೆಯದೇ (ಮ್ಯಾಗ್‌ವುಡ್, 2010, ರಾಜ್ಯದ ಪ್ರಕರಣ, ಆದರೆ ಸರ್ಕ್ಯೂಟ್‌ಗಳು 2255ಕ್ಕೂ ಅನ್ವಯಿಸಿವೆ). ಗೈಡ್‌ಲೈನ್ಸ್ ಇಳಿದಾಗ 3582(ಸಿ)(2) ಕೆಳಗೆ ಸಿಗುವ ಕಡಿತವನ್ನು ಮಾತ್ರ ಬಹುತೇಕ ಕಡೆ ಹೊಸ ತೀರ್ಪು ಅಂತ ಒಪ್ಪಲ್ಲ.

ವಕೀಲ ಇಲ್ಲದ ಕೈದಿ ಇನ್ನೇನೋ ಹೆಸರಿನಲ್ಲಿ ಅರ್ಜಿ ಹಾಕಿರ್ತಾನೆ, ಕೋರ್ಟ್ ಅದನ್ನು 2255 ಅಂತ ಪರಿಗಣಿಸಿ ವಜಾ ಮಾಡಿರುತ್ತೆ. ಹಾಗೆ ಮಾಡುವ ಮುಂಚೆ ಕೋರ್ಟ್ ಎಚ್ಚರಿಸಬೇಕು, ಅರ್ಜಿ ಹಿಂತೆಗೆಯಲು ಅಥವಾ ಎಲ್ಲ ಕಾರಣ ಸೇರಿಸಲು ಅವಕಾಶ ಕೊಡಬೇಕು. ಕೊಟ್ಟಿರದಿದ್ದರೆ ಅದು ಮೊದಲ ಅರ್ಜಿ ಅಂತ ಎಣಿಕೆಗೇ ಬರಲ್ಲ (ಕ್ಯಾಸ್ಟ್ರೊ, 2003). ಹಳೇ ಫೈಲ್ ತೆಗೆದು ಆ ಎಚ್ಚರಿಕೆಯ ಆದೇಶ ಇದೆಯಾ ಅಂತ ಒಂದು ಸಲ ನೋಡಿ.

ಶಿಕ್ಷೆ ಹೆಚ್ಚಿಸಲು ಬಳಸಿದ ಹಳೇ ರಾಜ್ಯದ ಶಿಕ್ಷೆ ಆಮೇಲೆ ರದ್ದಾದರೆ, ಆ ರದ್ದತಿಯೇ ಹೊಸ 'ಸಂಗತಿ' (ಜಾನ್ಸನ್, 2005, ಮೇಲೆ ಬಂದ 2015ರ ಜಾನ್ಸನ್ ಬೇರೆ). ಮೊದಲ ಅರ್ಜಿಯ ಕಾಲಕ್ಕೆ ಆ ಕಾರಣ ಹುಟ್ಟಿರಲೇ ಇಲ್ಲ, ಹಾಗಾಗಿ ಇದು ಎರಡನೆಯದಲ್ಲ ಅಂತ 11ನೇ ಸರ್ಕ್ಯೂಟ್ ಸ್ಟುವರ್ಟ್‌ನಲ್ಲಿ (2011) ಹೇಳಿತು. ಆದರೆ ರಾಜ್ಯದ ಶಿಕ್ಷೆ ರದ್ದು ಮಾಡಿಸಲು ಹತ್ತು ವರ್ಷ ಸುಮ್ಮನಿದ್ದರೆ 'ಶ್ರದ್ಧೆಯಿಂದ ಪ್ರಯತ್ನಿಸಿಲ್ಲ' ಅಂತ ಬೀಳುತ್ತೆ.

ನಾಗರಬಾವಿ_ಲಾ

ಮೊದಲ ಅರ್ಜಿ ಇನ್ನೂ ನಡೀತಿರುವಾಗ ಹೊಸ ಕಾರಣ ಸಿಕ್ಕರೆ?

ತುಂಗಾತೀರ

ಯಾವ ಹಂತ ಅನ್ನೋದರ ಮೇಲೆ. ಜಿಲ್ಲಾ ಕೋರ್ಟ್ ತೀರ್ಮಾನ ಬರೋ ಮುಂಚೆ ಆದರೆ ಫೆಡರಲ್ ಸಿವಿಲ್ ವಿಧಾನದ ನಿಯಮ 15ರ ಕೆಳಗೆ ತಿದ್ದುಪಡಿ. ವರ್ಷ ಮುಗಿದಿದ್ದರೆ ಹೊಸ ಕಾರಣ ಹಳೇ ಕಾರಣದ ಅದೇ ಘಟನೆಗಳಿಂದ ಹುಟ್ಟಿರಬೇಕು (ಮೇಲ್ ವಿ. ಫೀಲಿಕ್ಸ್, 2005). ತೀರ್ಮಾನ ಬಂದ 28 ದಿನದೊಳಗೆ ನಿಯಮ 59(ಇ) ಅರ್ಜಿ ಹಾಕಿದರೆ ಅದು ಎರಡನೇ ಅರ್ಜಿ ಅಲ್ಲ ಅಂತ ಬ್ಯಾನಿಸ್ಟರ್ ವಿ. ಡೇವಿಸ್ (2020), ಆದರೆ ಅದರಲ್ಲಿ ಹೊಚ್ಚ ಹೊಸ ಕಾರಣ ತುರುಕೋಕೆ ಬಿಡಲ್ಲ. ಆಮೇಲೆ ನಿಯಮ 60(ಬಿ). ಗೊನ್ಜಾಲೆಸ್ ವಿ. ಕ್ರಾಸ್ಬಿ (2005) ಗೆರೆ ಎಳೆದಿದೆ: ಹಿಂದಿನ ವಿಚಾರಣೆ ನಡೆದ ರೀತಿಯಲ್ಲೇ ದೋಷ ಅಂದರೆ, ಉದಾಹರಣೆಗೆ ಕಾಲಮಿತಿ ತಪ್ಪಾಗಿ ಎಣಿಸಿ ವಜಾ ಮಾಡಿದ್ದರೆ, ಸರಿ. ಶಿಕ್ಷೆ ತಪ್ಪು ಅಂತ ಮತ್ತೆ ವಾದಿಸಿದರೆ ಹೆಸರು ಏನೇ ಇಟ್ಟರೂ ಅದು ಎರಡನೇ ಅರ್ಜಿ.

ಮೊದಲನೆಯದು ಮೇಲ್ಮನವಿಯಲ್ಲಿದೆ, ಇನ್ನೂ ಮುಗಿದಿಲ್ಲ, ಆದ್ದರಿಂದ ಇದು ತಿದ್ದುಪಡಿ ಅನ್ನುವ ವಾದ ಕೆಲವು ಸರ್ಕ್ಯೂಟ್‌ಗಳಲ್ಲಿ ನಡೀತಿತ್ತು. 2025ರ ಜೂನ್ 12ರಂದು ರಿವರ್ಸ್ ವಿ. ಗೆರೆರೊದಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ತಳ್ಳಿಹಾಕಿತು. ಜಿಲ್ಲಾ ಕೋರ್ಟಿನ ಅಂತಿಮ ತೀರ್ಮಾನ ಬಂದಮೇಲೆ ಬಂದದ್ದು ಸಾಮಾನ್ಯವಾಗಿ ಎರಡನೆಯದೇ.

ಕರಿಕೋಟು

ಈಗ ಜೋನ್ಸ್. 2000ದಲ್ಲಿ ಮಿಸೌರಿಯಲ್ಲಿ ಬಂದೂಕು ಇಟ್ಟುಕೊಂಡ ಆರೋಪದಲ್ಲಿ ಶಿಕ್ಷೆ. ಮೊದಲ 2255ರಲ್ಲಿ ಒಂದು ಆರೋಪ ರದ್ದೂ ಆಯಿತು. 2019ರಲ್ಲಿ ರೆಹೈಫ್ ತೀರ್ಪು: ತಾನು ಬಂದೂಕು ಇಟ್ಟುಕೊಳ್ಳಬಾರದ ವರ್ಗಕ್ಕೆ ಸೇರಿದವನು ಅಂತ ಆರೋಪಿಗೆ ಗೊತ್ತಿತ್ತು ಎಂಬುದನ್ನು ಸರ್ಕಾರ ಸಾಬೀತು ಮಾಡಬೇಕು. ಇದು ಕಾಯ್ದೆಯ ಅರ್ಥ, ಸಂವಿಧಾನದ ನಿಯಮ ಅಲ್ಲ. (ಎಚ್)ನ ಎರಡೂ ಬಾಗಿಲು ಬಂದ್. 2255 'ಸಾಲದು ಅಥವಾ ಪರಿಣಾಮಕಾರಿಯಲ್ಲ' ಅಂದಾಗ ಹಳೇ ಹೇಬಿಯಸ್ ದಾರಿ, ಅಂದರೆ 2241, ತೆರೆದಿರುತ್ತೆ ಅಂತ 2255(ಇ) ಹೇಳುತ್ತೆ. ಬಹುತೇಕ ಸರ್ಕ್ಯೂಟ್‌ಗಳು ಇಂಥವರನ್ನು ಆ ದಾರಿಯಲ್ಲಿ ಬಿಡುತ್ತಿದ್ದವು. ಜೋನ್ಸ್ ಇದ್ದದ್ದು ಅರ್ಕಾನ್ಸಾದ ಜೈಲಿನಲ್ಲಿ, ಅದು 8ನೇ ಸರ್ಕ್ಯೂಟ್, ಅಲ್ಲಿ ಬಿಡಲಿಲ್ಲ. 22 ಜೂನ್ 2023ರಂದು ಜಸ್ಟಿಸ್ ಥಾಮಸ್ ಬರೆದ 6-3 ತೀರ್ಪು: ಕಾಂಗ್ರೆಸ್ ಎರಡು ಕಾರಣ ಬರೆದಿದೆ, ಮೂರನೆಯದನ್ನು ಹಿಂಬಾಗಿಲಿನಿಂದ ತರೋ ಹಾಗಿಲ್ಲ. ಶಿಕ್ಷೆ ಕೊಟ್ಟ ಕೋರ್ಟೇ ಈಗ ಇಲ್ಲದಂಥ ಅಪರೂಪದ ಸಂದರ್ಭಗಳಿಗೆ ಮಾತ್ರ (ಇ) ಉಳಿದಿದೆ.

ತೀರ್ಪಿನ ತರ್ಕ ಕಾಯ್ದೆಯ ಮಾತಿಗೆ ಹತ್ತಿರವಾಗಿದೆ ಅಂತ ಒಪ್ಪುತ್ತೇನೆ. ಫಲ ಮಾತ್ರ ವಿಪರೀತ: ಸಂವಿಧಾನದ ತಪ್ಪಿಗೆ ಪರಿಹಾರ ಉಂಟು, ಅಪರಾಧವೇ ಅಲ್ಲದ ಕೃತ್ಯಕ್ಕೆ ಜೈಲಿನಲ್ಲಿದ್ದರೆ ಇಲ್ಲ.

ಸರ್ಕ್ಯೂಟ್_ಗಮನಿಕೆ

ಎರವಲಿನ ಜಗಳ ಅಂತ ಮೇಲೆ ಹೇಳಿದ್ದು ಬೋ ಎಂಬ ಕೈದಿಯ ಪ್ರಕರಣ. ಫ್ಲೋರಿಡಾ, ದರೋಡೆ ಯತ್ನದ ಜೊತೆ ಬಂದೂಕು ಬಳಕೆ, 24 ವರ್ಷ. 'ಹಿಂಸಾಪರಾಧ'ದ ವ್ಯಾಖ್ಯೆಯ ಒಂದು ಉಪವಾಕ್ಯ ತೀರಾ ಅಸ್ಪಷ್ಟ ಅಂತ 2019ರಲ್ಲಿ ಡೇವಿಸ್ ತೀರ್ಪು ಬಂದಾಗ ಅನುಮತಿ ಕೇಳಿದರು. ದರೋಡೆ ಯತ್ನ ಇನ್ನೊಂದು ಉಪವಾಕ್ಯದ ಕೆಳಗೆ ಹಿಂಸಾಪರಾಧವೇ ಅಂತ 11ನೇ ಸರ್ಕ್ಯೂಟ್ ನಿರಾಕರಿಸಿತು. 2022ರಲ್ಲಿ ಟೇಲರ್ ತೀರ್ಪು ಅದು ತಪ್ಪು ಅಂದಿತು. ಮತ್ತೆ ಕೇಳಿದರೆ, ಈ ಕಾರಣವನ್ನು ಹಿಂದೆಯೇ ಎತ್ತಿದ್ದೀರಿ, 2244(ಬಿ)(1) ಪ್ರಕಾರ ಎತ್ತಿದ್ದನ್ನು ಮತ್ತೆ ಎತ್ತುವ ಹಾಗಿಲ್ಲ ಅಂತ ಉತ್ತರ! ಆ ಉಪಸೆಕ್ಷನ್‌ನಲ್ಲಿ ಇರೋದು 2254 ಅರ್ಜಿಯ ಹೆಸರು ಮಾತ್ರ. ಫೆಡರಲ್ ಕೈದಿಗೂ ಅದು ಅನ್ವಯವೇ ಅನ್ನೋದರಲ್ಲಿ ಸರ್ಕ್ಯೂಟ್‌ಗಳು ಎರಡು ಭಾಗ ಆಗಿದ್ದವು: 4, 6, 9 ಅನ್ವಯ ಇಲ್ಲ ಅಂದಿದ್ದವು. ಸರ್ಕಾರವೂ ಈ ಅಂಶದಲ್ಲಿ ಬೋ ಪರವೇ ಇತ್ತು. ಅನುಮತಿ ನಿರಾಕರಣೆಯನ್ನು ಸುಪ್ರೀಂ ಕೋರ್ಟ್ ಪರಿಶೀಲಿಸಬಹುದೇ ಅನ್ನೋದು ಇನ್ನೊಂದು ಪ್ರಶ್ನೆ, ಅಲ್ಲಿ ಸರ್ಕಾರ ಎದುರಾಳಿಯಾಗಿತ್ತು. 2025ರ ಅಕ್ಟೋಬರ್ 14ಕ್ಕೆ ವಾದ ಮುಗಿಯಿತು, 2026ರ ಜನವರಿಯಲ್ಲಿ ಎರಡೂ ಪ್ರಶ್ನೆಗಳಲ್ಲಿ ಬೋ ಪರ ತೀರ್ಪು ಬಂತು. ಉಳಿದ ಸರ್ಕ್ಯೂಟ್‌ಗಳಲ್ಲಿ (ಬಿ)(1) ಒಂದೇ ಅಡ್ಡಿ ಇದ್ದವರು ಕಾಗದಪತ್ರ ಈಗಲೇ ಸಿದ್ಧ ಮಾಡಿಟ್ಟುಕೊಳ್ಳೋದು ಜಾಣತನ.

ಓದುಗ_ಧಾರವಾಡ

ಹಾಗಾದರೆ 2255 ಮುಚ್ಚಿದವರಿಗೆ ಬೇರೆ ಏನೂ ಇಲ್ಲವೇ?

ತುಂಗಾತೀರ

ಶಿಕ್ಷೆಯನ್ನೇ ಅಲುಗಾಡಿಸದ ದಾರಿಗಳಿವೆ, ಅವಕ್ಕೆ (ಎಚ್) ಬೀಗ ಇಲ್ಲ. ಜೈಲು ಇಲಾಖೆ ದಿನ ಲೆಕ್ಕ ತಪ್ಪು ಮಾಡಿದ್ದರೆ, ವಿಚಾರಣೆಗೆ ಮುಂಚಿನ ಬಂಧನದ ದಿನ ಕಳೆದಿಲ್ಲದಿದ್ದರೆ, 2241. ಅದನ್ನು ಹಾಕೋದು ಜೈಲು ಇರುವ ಜಿಲ್ಲೆಯಲ್ಲಿ, ಶುಲ್ಕ 5 ಡಾಲರ್. ಅದಕ್ಕೆ ಮುಂಚೆ ಇಲಾಖೆಯ ಮೆಟ್ಟಿಲು ಹತ್ತಿರಬೇಕು: ಘಟನೆಯ 20 ದಿನದೊಳಗೆ ವಾರ್ಡನ್‌ಗೆ ಬಿಪಿ-9 ದೂರು ಫಾರಂ, ಅವರ ಉತ್ತರದ 20 ದಿನದೊಳಗೆ ಪ್ರಾದೇಶಿಕ ಕಚೇರಿಗೆ ಬಿಪಿ-10, ಅದರ 30 ದಿನದೊಳಗೆ ಕೇಂದ್ರ ಕಚೇರಿಗೆ ಬಿಪಿ-11. ಒಂದು ಮೆಟ್ಟಿಲು ಬಿಟ್ಟರೂ ಕೋರ್ಟ್ ವಾಪಸ್ ಕಳಿಸುತ್ತೆ.

ಇನ್ನೊಂದು 3582(ಸಿ)(1)(ಎ), ಅನುಕಂಪದ ಬಿಡುಗಡೆ. 2018ರ ಫಸ್ಟ್ ಸ್ಟೆಪ್ ಕಾಯ್ದೆಯ ನಂತರ ಕೈದಿಯೇ ಕೋರ್ಟಿಗೆ ಹೋಗಬಹುದು; ಮೊದಲು ವಾರ್ಡನ್‌ಗೆ ಕೋರಿಕೆ, ಅದು ತಲುಪಿ 30 ದಿನ ಆದ ಮೇಲೆ. 2255ರಲ್ಲಿ ಎತ್ತಬೇಕಾದ ಕಾರಣವನ್ನು ಇಲ್ಲಿ 'ಅಸಾಧಾರಣ ಕಾರಣ' ಅಂತ ತೋರಿಸಬಹುದೇ ಅನ್ನೋದು ಫರ್ನಾಂಡಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂತು, ವಾದ 2025ರ ನವೆಂಬರ್ 12ಕ್ಕೆ ನಡೀತು. ಅದರ ತೀರ್ಪು ನೋಡಿಕೊಳ್ಳುವವರೆಗೆ ಅರ್ಜಿಯಲ್ಲಿ ಆರೋಗ್ಯ, ವಯಸ್ಸು, ಕುಟುಂಬದ ಸ್ಥಿತಿ ಇವೇ ಮುಂದೆ ಇರಲಿ.

ಓದುಗ_ಧಾರವಾಡ

ಕಾಗದಪತ್ರ ಸಿದ್ಧ ಮಾಡಿ ಅಂದಿರಿ. ಹೊರಗಿರುವ ಮನೆಯವರು ಏನು ಕಳಿಸಿಕೊಡಬಹುದು?

ಸರ್ಕ್ಯೂಟ್_ಗಮನಿಕೆ

ಮೊದಲು ಡಾಕೆಟ್, ಅಂದರೆ ಕೇಸಿನಲ್ಲಿ ದಾಖಲಾದ ಎಲ್ಲದರ ಪಟ್ಟಿ. ಕ್ರಿಮಿನಲ್ ಕೇಸಿನದು, ಹಿಂದಿನ 2255ಕ್ಕೆ ಪ್ರತ್ಯೇಕ ಸಿವಿಲ್ ನಂಬರ್ ಕೊಟ್ಟಿದ್ದರೆ ಅದರದ್ದೂ. ಪೇಸರ್ ತಾಣದಲ್ಲಿ (ಫೆಡರಲ್ ಕೋರ್ಟುಗಳ ದಾಖಲೆ ಸಿಗುವ ಜಾಲತಾಣ) ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್, ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ಬಿಲ್ಲೇ ಬರಲ್ಲ. ಆ ಪಟ್ಟಿಯಿಂದ ಆರಿಸಿ: ಶಿಕ್ಷೆಯ ಆದೇಶ, ತಪ್ಪೊಪ್ಪಿಗೆ ಒಪ್ಪಂದ, ಮೊದಲ 2255, ಅದರ ಆದೇಶ, ಮೇಲ್ಮನವಿ ತೀರ್ಪು. ಒಪ್ಪಂದದಲ್ಲಿ 2255 ಹಕ್ಕನ್ನೇ ಬಿಟ್ಟುಕೊಟ್ಟ ಷರತ್ತು ಇದೆಯಾ ಅಂತ ಮೊದಲು ನೋಡಿ, ಬಹಳ ಒಪ್ಪಂದಗಳಲ್ಲಿ ಇರುತ್ತೆ. ಶಿಕ್ಷೆಗೆ ಮುಂಚಿನ ತನಿಖಾ ವರದಿಯನ್ನು ಮಾತ್ರ ಕಳಿಸಬೇಡಿ. ಅದು ಗೋಪ್ಯ ದಾಖಲೆ, ಅದರ ಪ್ರತಿ ಇಟ್ಟುಕೊಳ್ಳಲು ಫೆಡರಲ್ ಜೈಲಿನಲ್ಲಿ ಬಿಡಲ್ಲ.

ಕೈದಿ ಅರ್ಜಿಯನ್ನು ಕೋರ್ಟಿಗೆ ಕಳಿಸುವಾಗ ಜೈಲಿನ ಲೀಗಲ್ ಮೇಲ್ ವ್ಯವಸ್ಥೆ ಇದ್ದರೆ ಅದರಲ್ಲೇ ಹಾಕಬೇಕು. ಅಧಿಕಾರಿಯ ಕೈಗೆ ಕೊಟ್ಟ ದಿನವೇ ದಾಖಲಾದ ದಿನ (ಹ್ಯೂಸ್ಟನ್ ವಿ. ಲ್ಯಾಕ್, 1988). ಕೊನೇ ಪುಟದಲ್ಲಿ ಯಾವ ದಿನಾಂಕಕ್ಕೆ ಕೊಟ್ಟೆ, ಫಸ್ಟ್ ಕ್ಲಾಸ್ ಅಂಚೆ ವೆಚ್ಚ ಮೊದಲೇ ಕಟ್ಟಿದೆ ಅಂತ ಸುಳ್ಳಾದರೆ ಶಿಕ್ಷೆಗೆ ಒಳಪಡುವ ಘೋಷಣೆ ಬರೆದು ಸಹಿ ಹಾಕಿರಬೇಕು. ಮನೆಯವರು ಹೊರಗಿನಿಂದ ಪೋಸ್ಟ್ ಮಾಡಿದರೆ ಈ ರಿಯಾಯಿತಿ ಸಿಗಲ್ಲ, ಕೋರ್ಟಿಗೆ ತಲುಪಿದ ದಿನವೇ ಲೆಕ್ಕ.